ಮೂಲಪ್ರತಿಯೂ ಸಿದ್ಧಪ್ರತಿಯೂ: ಪೈಥಾನ್ ಪ್ಯಾಕೇಜುಗಳ ನಿರ್ಮಾಣಪದ್ಧತಿಯ ಒಂದು ವಿಮರ್ಶೆ

ಪೈಥಾನ್ ಭಾಷೆಯ ಅಧ್ಯಯನಕ್ಕೆ ತೊಡಗಿದ ವಿದ್ಯಾರ್ಥಿಗಳು ಮೊದಲ ವಾರಗಳಲ್ಲಿಯೇ ಕಲಿಯುವ ಆಜ್ಞೆಗಳಲ್ಲಿ ‘ಪಿಪ್ ಇನ್‌ಸ್ಟಾಲ್ ನಂಪೈ’ ಎಂಬುದೂ ಒಂದು. ಈ ಒಂದು ಸಾಲನ್ನು ಬರೆದು ಕೀಲಿಯನ್ನೊತ್ತಿದರೆ ಸ್ವಲ್ಪ ಹೊತ್ತಿನಲ್ಲಿಯೇ ಪ್ಯಾಕೇಜು ಬಂದು ನೆಲೆಗೊಳ್ಳುತ್ತದೆ. ಪಾಠ ಮುಂದೆ ಸಾಗುತ್ತದೆ. ಆದರೆ ಅದೇ ಕೊಠಡಿಯಲ್ಲಿ, ಪಕ್ಕದ ಮೇಜಿನ ಮೇಲಿರುವ ಹಳೆಯ ಗಣಕಯಂತ್ರದಲ್ಲಿ ಅದೇ ಸಾಲನ್ನು ಬರೆದಾಗ ಪರದೆಯ ತುಂಬ ದೋಷವರದಿ ಸುರಿಯುವುದನ್ನೂ, ಅದರ ನಡುವೆ ಎಲ್ಲಿಯೋ ‘ಪೈಥಾನ್.ಎಚ್’ ಎಂಬ ಫೈಲು ಸಿಕ್ಕಲಿಲ್ಲವೆಂದೋ ಕಂಪೈಲರು ಇಲ್ಲವೆಂದೋ ಒಂದು ಮಾತು ಅಡಗಿರುವುದನ್ನೂ ನಾವು ಹಲವು ಬಾರಿ ಕಂಡಿದ್ದೇವೆ. ಆಜ್ಞೆ ಒಂದೇ, ಪ್ಯಾಕೇಜು ಒಂದೇ, ಬರೆದವರ ತಪ್ಪೇನೂ ಇಲ್ಲ; ಫಲ ಮಾತ್ರ ಬೇರೆ. ಹೀಗೇಕೆಂದು ವಿದ್ಯಾರ್ಥಿ ಕೇಳಿದರೆ ‘ಬೇರೆ ಯಂತ್ರದ ಮುಂದೆ ಕುಳಿತುಕೊಳ್ಳಿ’ ಎಂದು ಹೇಳಿ ಮುಂದೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಪರಿಹಾರವಾದೀತೇ ಹೊರತು ಉತ್ತರವಾಗಲಾರದು.

ಸಿ, ಫೋರ್ಟ್ರಾನ್, ರಸ್ಟ್ ಮೊದಲಾದ ಭಾಷೆಗಳಲ್ಲಿ ಬರೆದ ಭಾಗಗಳನ್ನು ಒಳಗೊಂಡ ಪೈಥಾನ್ ಪ್ಯಾಕೇಜುಗಳು ಬಳಸುವವರನ್ನು ಎರಡು ರೂಪಗಳಲ್ಲಿ ತಲಪುತ್ತವೆ. ಗ್ರಂಥಕರ್ತರು ಬರೆದ ಆಕರಗಳನ್ನೇ ಕಟ್ಟಿಕೊಡುವುದು ಒಂದು ರೂಪ. ಬಳಕೆಯಲ್ಲಿ ಇದಕ್ಕೆ ಎಸ್‌ಡಿಸ್ಟ್ ಎಂದು ಹೆಸರು. ಕಂಪೈಲ್ ಮಾಡಿ ಮುಗಿಸಿದ ಯಂತ್ರಭಾಷೆಯ ಫೈಲುಗಳನ್ನು ಕೊಡುವುದು ಇನ್ನೊಂದು. ಇದು ವೀಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಪ್ರಕೃತ ಲೇಖನದಲ್ಲಿ ಇವನ್ನು ಕ್ರಮವಾಗಿ ಮೂಲಪ್ರತಿ, ಸಿದ್ಧಪ್ರತಿ ಎಂದು ಕರೆಯುತ್ತೇವೆ. ಸಿದ್ಧಪ್ರತಿಯು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಪೈಥಾನ್ ಪ್ರಪಂಚಕ್ಕೆ ಮಾಡಿದ ಉಪಕಾರ ದೊಡ್ಡದೆಂಬುದನ್ನು ಒಪ್ಪಿಕೊಂಡು, ಆ ಉಪಕಾರದ ಬೆಲೆಯನ್ನು ಯಾರು ತೆರುತ್ತಿದ್ದಾರೆ, ಮೂಲಪ್ರತಿಯ ದಾರಿ ಹಾಳು ಬಿದ್ದರೆ ಆಗುವ ನಷ್ಟವೇನು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ವಸ್ತುಸ್ಥಿತಿಯನ್ನು ತಿಳಿಯುವುದು ಅವಶ್ಯಕ. ನಾವೆಲ್ಲರೂ ಸಾಮಾನ್ಯವಾಗಿ ಬಳಸುವ ಪೈಥಾನ್ ಇಂಟರ್‌ಪ್ರಿಟರು ಸಿ ಭಾಷೆಯಲ್ಲಿ ಬರೆಯಲ್ಪಟ್ಟದ್ದು. ಪೈಥಾನ್ ವಾಕ್ಯಗಳನ್ನು ಒಂದೊಂದಾಗಿ ಅರ್ಥೈಸಿ ನಡೆಸುವುದರಿಂದ, ಹತ್ತು ಲಕ್ಷ ಸಂಖ್ಯೆಗಳನ್ನು ಕೂಡಿಸುವಂಥ ಕೆಲಸ ಅದರಲ್ಲಿ ನಿಧಾನವಾಗುತ್ತದೆ. ಆದುದರಿಂದ ಲೆಕ್ಕದ ಭಾರವಾದ ಭಾಗವನ್ನು ಸಿ ಅಥವಾ ಫೋರ್ಟ್ರಾನ್ ಭಾಷೆಯಲ್ಲಿ ಬರೆದು, ಪೈಥಾನಿನಿಂದ ಅದನ್ನು ಕರೆಯುವ ಪದ್ಧತಿ ಬಹಳ ಹಿಂದೆಯೇ ಬೆಳೆಯಿತು. ೧೯೯೫ರಲ್ಲಿ ಬಂದ ನ್ಯೂಮೆರಿಕ್ ಎಂಬ ಪ್ಯಾಕೇಜು, ಅದರ ಉತ್ತರಾಧಿಕಾರಿಯಾಗಿ ೨೦೦೬ರಲ್ಲಿ ೧.೦ನೆಯ ಆವೃತ್ತಿಯನ್ನು ಕಂಡ ನಂಪೈ, ೨೦೦೧ರಲ್ಲಿ ಹುಟ್ಟಿದ ಸೈಪೈ, ಇವೆಲ್ಲವೂ ಈ ಪದ್ಧತಿಯ ಫಲಗಳು. ಪೈಥಾನಿಗೆ ಇಂದು ವಿಜ್ಞಾನದ ಕ್ಷೇತ್ರದಲ್ಲಿರುವ ಮನ್ನಣೆ ಬಹುಮಟ್ಟಿಗೆ ಈ ಪೈಥಾನೇತರ ಭಾಗಗಳಿಂದಲೇ ಬಂದದ್ದೆಂದರೆ ತಪ್ಪಾಗಲಾರದು.

ಇಂಥ ಭಾಗವೊಂದು ಸಿದ್ಧವಾಗುವ ಕ್ರಮ ಹೀಗೆ. ಕಂಪೈಲರು ಒಂದೊಂದು ಸಿ ಫೈಲನ್ನೂ ಯಂತ್ರಭಾಷೆಗೆ ತಿರುಗಿಸುತ್ತದೆ. ಪೈಥಾನಿನ ಒಳರಚನೆಯನ್ನು ಅದಕ್ಕೆ ತಿಳಿಸಿಕೊಡುವುದು ‘ಪೈಥಾನ್.ಎಚ್’ ಎಂಬ ಹೆಡರ್ ಫೈಲು. ಅನಂತರ ಲಿಂಕರು ಈ ತುಂಡುಗಳನ್ನು ಜೋಡಿಸಿ, ಬೇಕಾದ ಇತರ ಲೈಬ್ರರಿಗಳಿಗೆ ಸಂಬಂಧ ಕಲ್ಪಿಸಿ, ಒಂದು ಹಂಚಿಕೆಯ ಲೈಬ್ರರಿಯನ್ನು ರಚಿಸುತ್ತದೆ. ಲಿನಕ್ಸಿನಲ್ಲಿ ಇದರ ಹೆಸರು ‘ಎಸ್‌ಓ’ ಎಂದು ಕೊನೆಗೊಳ್ಳುತ್ತದೆ, ವಿಂಡೋಸಿನಲ್ಲಿ ‘ಪಿವೈಡಿ’ ಎಂದು. ಪೈಥಾನ್ ಕಾರ್ಯಕ್ರಮದಲ್ಲಿ ‘ಇಂಪೋರ್ಟ್’ ಎಂದು ಬರೆದಾಗ ಇಂಟರ್‌ಪ್ರಿಟರು ಆ ಫೈಲನ್ನು ನೆನಪಿಗೆ ತಂದುಕೊಂಡು, ಅದರೊಳಗಿನ ಆರಂಭಕ್ರಿಯೆಯನ್ನು ಕರೆಯುತ್ತದೆ.

ಇದು ಸರಿಯಾಗಿ ನಡೆಯಬೇಕಾದರೆ ಮೂರು ಒಡಂಬಡಿಕೆಗಳು ಕೂಡಿಬರಬೇಕು. ಫೈಲಿನಲ್ಲಿರುವ ಯಂತ್ರಸೂಚನೆಗಳು ಆ ಯಂತ್ರದ ಪ್ರೊಸೆಸರಿಗೆ ಅರ್ಥವಾಗಬೇಕು, ಇದು ಮೊದಲನೆಯದು. ಆಪರೇಟಿಂಗ್ ಸಿಸ್ಟಮಿನ ಸಿ ಲೈಬ್ರರಿಯು ಕಂಪೈಲ್ ಮಾಡುವಾಗ ಇದ್ದುದಕ್ಕಿಂತ ಹಳೆಯದಾಗಿರಬಾರದು, ಇದು ಎರಡನೆಯದು. ಪೈಥಾನಿನ ವಸ್ತುಗಳು ನೆನಪಿನಲ್ಲಿ ಯಾವ ಕ್ರಮದಲ್ಲಿ ಜೋಡಣೆಯಾಗಿವೆಯೆಂಬ ವಿಷಯದಲ್ಲಿ ಇಂಟರ್‌ಪ್ರಿಟರಿಗೂ ಆ ಫೈಲಿಗೂ ಒಮ್ಮತವಿರಬೇಕು, ಇದು ಮೂರನೆಯದು. ಈ ಮೂರನೆಯದನ್ನೇ ತಜ್ಞರು ಎಬಿಐ ಎಂದು ಕರೆಯುತ್ತಾರೆ. ಪೈಥಾನ್ ಭಾಷೆಯಲ್ಲಿಯೇ ಬರೆದ ಪ್ಯಾಕೇಜಿಗೆ ಈ ಮೂರರಲ್ಲಿ ಯಾವುದರ ಹಂಗೂ ಇಲ್ಲ. ಕಂಪೈಲ್ ಮಾಡಿದ ಪ್ಯಾಕೇಜಿಗೆ ಮೂರರ ಹಂಗೂ ಉಂಟು. ನಮ್ಮ ಎರಡು ಮೇಜುಗಳ ಮೇಲಿನ ಫಲಭೇದಕ್ಕೆ ಕಾರಣ ಇಲ್ಲಿಯೇ ಇದೆ.

೨

ಮೂಲಪ್ರತಿಯಿಂದ ಪ್ಯಾಕೇಜನ್ನು ಕಟ್ಟುವ ಕೆಲಸಕ್ಕೆ ಒಂದು ಸರ್ವಸಾಮಾನ್ಯವಾದ ಕ್ರಮವನ್ನು ತಂದುದು ಡಿಸ್ಟ್‌ಯುಟಿಲ್ಸ್. ಗ್ರೆಗ್ ವಾರ್ಡ್ ಅವರ ನೇತೃತ್ವದಲ್ಲಿ ರಚಿತವಾದ ಇದು ೨೦೦೦ದಲ್ಲಿ ಪೈಥಾನಿನ ಜೊತೆಯಲ್ಲಿಯೇ ಬರತೊಡಗಿತು. ಅದಕ್ಕೆ ಮುಂಚೆ ಪ್ರತಿಯೊಬ್ಬ ಗ್ರಂಥಕರ್ತರೂ ತಮಗೆ ತೋಚಿದ ರೀತಿಯಲ್ಲಿ ನಿರ್ಮಾಣದ ಸೂಚನೆಗಳನ್ನು ಕೊಡುತ್ತಿದ್ದರು. ಡಿಸ್ಟ್‌ಯುಟಿಲ್ಸ್ ಬಂದಮೇಲೆ ‘ಸೆಟಪ್.ಪಿವೈ’ ಎಂಬ ಒಂದೇ ಫೈಲು, ಒಂದೇ ಆಜ್ಞೆ ಸಾಕಾಯಿತು. ಇಂಟರ್‌ಪ್ರಿಟರನ್ನು ಯಾವ ಕಂಪೈಲರಿನಿಂದ, ಯಾವ ನಿಯಮಗಳಿಂದ ಕಟ್ಟಲಾಗಿದೆಯೋ ಅವನ್ನೇ ಪ್ಯಾಕೇಜಿಗೂ ಅನ್ವಯಿಸುವ ಜಾಣತನ ಅದಕ್ಕಿತ್ತು. ಇಪ್ಪತ್ತು ವರ್ಷಗಳಿಗೂ ಮೀರಿ ಬಾಳಿದ ಆ ಕೃತಿಯನ್ನು ಇಂದು ಹಳಿಯುವವರು ಈ ಗುಣವನ್ನು ಮರೆಯಬಾರದು.

ಆದರೆ ಅದರಲ್ಲಿ ಒಂದು ಮೂಲಭೂತವಾದ ದೋಷವಿದ್ದಿತು. ‘ಸೆಟಪ್.ಪಿವೈ’ ಎಂಬುದು ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲ, ತಾನೇ ಒಂದು ಕಾರ್ಯಕ್ರಮ. ಈ ಪ್ಯಾಕೇಜನ್ನು ಕಟ್ಟಲು ಏನೇನು ಬೇಕು ಎಂದು ತಿಳಿಯಬೇಕಾದರೆ ಆ ಕಾರ್ಯಕ್ರಮವನ್ನು ನಡೆಸಬೇಕು. ಅದು ನಡೆಯಬೇಕಾದರೆ ಬೇಕಾದುದೆಲ್ಲ ಮೊದಲೇ ಇರಬೇಕು. ನಂಪೈಯ ಹೆಡರ್ ಫೈಲುಗಳನ್ನು ಬಳಸುವ ಪ್ಯಾಕೇಜು ತನ್ನ ‘ಸೆಟಪ್.ಪಿವೈ’ಯ ಆರಂಭದಲ್ಲಿಯೇ ನಂಪೈಯನ್ನು ಕರೆಯುತ್ತಿತ್ತು. ನಂಪೈ ಇಲ್ಲದಿದ್ದರೆ, ನಂಪೈ ಬೇಕೆಂದು ಹೇಳುವ ಸಾಲನ್ನು ತಲಪುವ ಮೊದಲೇ ಅದು ನಿಂತುಹೋಗುತ್ತಿತ್ತು. ಬೀಜವೃಕ್ಷನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ೨೦೦೪ರಲ್ಲಿ ಫಿಲಿಪ್ ಈಬಿ ಅವರಿಂದ ಬಂದ ಸೆಟಪ್‌ಟೂಲ್ಸ್ ಇದನ್ನು ನಿವಾರಿಸಲು ಯತ್ನಿಸಿತಾದರೂ ಬೇರನ್ನು ಮುಟ್ಟಲಿಲ್ಲ. ವಿಜ್ಞಾನದ ಪ್ಯಾಕೇಜುಗಳವರು ಫೋರ್ಟ್ರಾನಿನ ಅನುಕೂಲಕ್ಕಾಗಿ ಡಿಸ್ಟ್‌ಯುಟಿಲ್ಸಿನ ಒಳಭಾಗಗಳನ್ನೇ ತಿದ್ದಿ ತಮ್ಮದೇ ಆದ ಇನ್ನೊಂದು ವ್ಯವಸ್ಥೆಯನ್ನು ಕಟ್ಟಿಕೊಂಡರು. ತಳಪಾಯವನ್ನು ಅಲುಗಿಸಿದರೆ ಮೇಲಿನ ಕಟ್ಟಡ ಬೀಳುತ್ತದೆಂಬ ಭಯದಿಂದ ತಳಪಾಯದ ದುರಸ್ತಿಯೇ ಬಹುಕಾಲ ನಿಂತಿತು.

ಬೇರನ್ನು ಮುಟ್ಟಿದ ಕೃತಿಗಳೆಂದರೆ ಪೈಥಾನಿನ ಸುಧಾರಣಾ ಸೂಚನೆಗಳಲ್ಲಿ, ಅಂದರೆ ಪೆಪ್‌ಗಳಲ್ಲಿ, ೫೧೭ ಮತ್ತು ೫೧೮ನೆಯವು. ಇವು ೨೦೧೫ ಮತ್ತು ೨೦೧೬ರಲ್ಲಿ ಬರೆಯಲ್ಪಟ್ಟವು. ನಿರ್ಮಾಣಕ್ಕೆ ಬೇಕಾದುದನ್ನು ‘ಪೈಪ್ರಾಜೆಕ್ಟ್.ಟಾಮ್ಲ್’ ಎಂಬ ನಿಶ್ಚಲವಾದ ಫೈಲಿನಲ್ಲಿ ಬರೆದಿಡಬೇಕೆಂದೂ, ತಂದು ಸ್ಥಾಪಿಸುವ ಸಾಧನ ಬೇರೆ, ಕಟ್ಟುವ ಸಾಧನ ಬೇರೆ ಎಂದೂ ಇವು ವಿಧಿಸಿದವು. ಇದರಿಂದ ಕಟ್ಟುವ ಕೆಲಸಕ್ಕೆ ಡಿಸ್ಟ್‌ಯುಟಿಲ್ಸೇ ಆಗಬೇಕೆಂಬ ಕಟ್ಟು ಸಡಿಲವಾಯಿತು. ಸೈಪೈಯು ೨೦೨೨ರ ೧.೯ನೆಯ ಆವೃತ್ತಿಯಲ್ಲಿಯೂ ನಂಪೈಯು ೨೦೨೩ರ ೧.೨೬ನೆಯ ಆವೃತ್ತಿಯಲ್ಲಿಯೂ ಮೆಸಾನ್ ಎಂಬ ನಿರ್ಮಾಣವ್ಯವಸ್ಥೆಗೆ ಬದಲಾಯಿಸಿಕೊಂಡವು. ೨೦೨೩ರ ಅಕ್ಟೋಬರಿನಲ್ಲಿ ಹೊರಬಂದ ಪೈಥಾನ್ ೩.೧೨ರಲ್ಲಿ ಡಿಸ್ಟ್‌ಯುಟಿಲ್ಸನ್ನು ತೆಗೆದುಹಾಕಲಾಯಿತು. ಒಂದು ಯುಗ ಮುಗಿದಂತಾಯಿತು.

ಈ ಸುಧಾರಣೆಯನ್ನು ಮೆಚ್ಚುವಾಗಲೂ ಒಂದು ಮಾತನ್ನು ಹೇಳಬೇಕಾಗಿದೆ. ಹೊಸ ಕ್ರಮದಲ್ಲಿ ಪಿಪ್ ಸಾಧನವು ನಿರ್ಮಾಣಕ್ಕಾಗಿ ಪ್ರತ್ಯೇಕವಾದ ಒಂದು ತಾತ್ಕಾಲಿಕ ಆವರಣವನ್ನು ಕಲ್ಪಿಸಿ, ಬೇಕಾದುದನ್ನು ಅಲ್ಲಿಗೆ ಹೊಸದಾಗಿ ತರುತ್ತದೆ. ಶುಚಿತ್ವದ ದೃಷ್ಟಿಯಿಂದ ಇದು ಸರಿ. ಆದರೆ ಕಟ್ಟುವಾಗ ಇದ್ದ ನಂಪೈ ಒಂದು, ನಡೆಸುವಾಗ ಇರುವ ನಂಪೈ ಇನ್ನೊಂದು ಆಗುವ ಸಂಭವ ಇದರಿಂದಲೇ ಹುಟ್ಟಿತು. ಹಳೆಯ ನಂಪೈಗೆ ಕಟ್ಟಿದ ಪ್ಯಾಕೇಜು ಹೊಸದರ ಮೇಲೆ ನಡೆಯುತ್ತಿತ್ತು. ಹೊಸದಕ್ಕೆ ಕಟ್ಟಿದುದು ಹಳೆಯದರ ಮೇಲೆ ನಡೆಯುತ್ತಿರಲಿಲ್ಲ. ೨೦೨೩ರ ೧.೨೫ನೆಯ ಆವೃತ್ತಿಯಿಂದ ನಂಪೈಯವರು ಇದಕ್ಕೆ ತಕ್ಕಮಟ್ಟಿನ ಪರಿಹಾರವನ್ನು ಒದಗಿಸಿದರು. ೨೦೨೪ರ ಜೂನಿನಲ್ಲಿ ಬಂದ ೨.೦ನೆಯ ಆವೃತ್ತಿಯಾದರೋ ಹಳೆಯ ಒಡಂಬಡಿಕೆಯನ್ನೇ ಮುರಿಯಿತು: ೧ನೆಯ ಸರಣಿಗೆ ಕಟ್ಟಿದ ಪ್ಯಾಕೇಜುಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಕಟ್ಟುವ ವಿದ್ಯೆಯನ್ನು ಬಲ್ಲವರಿಗೆ ಇದು ಒಂದು ದಿನದ ಕೆಲಸವಾಗಿರಬಹುದು. ಅರಿಯದವರಿಗೆ ಅದೊಂದು ಗೋಡೆಯೇ ಸರಿ.

೩

ಈಗ ಸಿದ್ಧಪ್ರತಿಯ ವಿಚಾರ. ಡೇನಿಯಲ್ ಹೋಲ್ತ್ ಅವರು ೨೦೧೨ರಲ್ಲಿ ಬರೆದ ೪೨೭ನೆಯ ಪೆಪ್ ಇದರ ಲಕ್ಷಣಗ್ರಂಥ. ಸಿದ್ಧಪ್ರತಿ ಎಂಬುದು ಒಂದು ಜಿಪ್ ಫೈಲು. ಅದನ್ನು ಬಿಚ್ಚಿ ಹರಡಿದರೆ ಸ್ಥಾಪನೆ ಮುಗಿಯಿತು. ಆಗ ಗ್ರಂಥಕರ್ತರ ಯಾವ ಕಾರ್ಯಕ್ರಮವೂ ನಡೆಯಬೇಕಾಗಿಲ್ಲ. ಫೈಲಿನ ಹೆಸರಿನಲ್ಲಿಯೇ ನಾವು ಮೇಲೆ ಹೇಳಿದ ಮೂರು ಒಡಂಬಡಿಕೆಗಳೂ ಅಡಕವಾಗಿರುತ್ತವೆ: ಪೈಥಾನಿನ ಯಾವ ಆವೃತ್ತಿ, ಯಾವ ಎಬಿಐ, ಯಾವ ಆಪರೇಟಿಂಗ್ ಸಿಸ್ಟಮು ಮತ್ತು ಪ್ರೊಸೆಸರು ಎಂಬುದನ್ನು ಹೆಸರನ್ನು ಓದಿಯೇ ತಿಳಿಯಬಹುದು. ಇದನ್ನು ಕಲ್ಪಿಸಿದವರ ಬುದ್ಧಿ ಪ್ರಶಂಸಾರ್ಹವಾದುದು.

ಲಿನಕ್ಸಿನ ವಿಷಯದಲ್ಲಿ ಒಂದು ತೊಡಕಿತ್ತು. ಲಿನಕ್ಸ್ ಎಂಬುದು ಒಂದಲ್ಲ, ಹಲವು. ಅವುಗಳ ಸಿ ಲೈಬ್ರರಿಗಳ ಆವೃತ್ತಿಗಳೂ ಬೇರೆ ಬೇರೆ. ೨೦೧೬ರ ೫೧೩ನೆಯ ಪೆಪ್ ಇದಕ್ಕೆ ಸರಳವಾದ ಉಪಾಯವನ್ನು ಸೂಚಿಸಿತು. ಹಳೆಯ ವ್ಯವಸ್ಥೆಯಲ್ಲಿ ಕಟ್ಟಿದ ಫೈಲು ಹೊಸದರಲ್ಲಿ ನಡೆಯುತ್ತದೆಯಷ್ಟೆ. ಆದುದರಿಂದ ಎಲ್ಲರೂ ಸೆಂಟ್‌ಓಎಸ್ ೫ ಎಂಬ ಹಳೆಯ ವ್ಯವಸ್ಥೆಯಲ್ಲಿ, ಜಿಲಿಬ್‌ಸಿ ೨.೫ನೆಯ ಆವೃತ್ತಿಯ ಮೇಲೆ ಕಟ್ಟಲಿ, ಎಲ್ಲೆಡೆಯೂ ಇರುವುದೆಂದು ನಂಬಬಹುದಾದ ಕೆಲವೇ ಲೈಬ್ರರಿಗಳನ್ನು ಹೊರಗಿನಿಂದ ಪಡೆಯಲಿ, ಮಿಕ್ಕವುಗಳನ್ನೆಲ್ಲ ಪ್ರತಿಯೊಳಗೇ ತುಂಬಿಕೊಡಲಿ ಎಂಬುದೇ ಆ ಉಪಾಯ. ‘ಮೆನಿಲಿನಕ್ಸ್’ ಎಂಬ ಹೆಸರಿನ ಈ ಕ್ರಮವು ಅನಂತರ ಸೆಂಟ್‌ಓಎಸ್ ೬ಕ್ಕೂ ೭ಕ್ಕೂ ಏರಿ, ೬೦೦ನೆಯ ಪೆಪ್‌ನಲ್ಲಿ ಜಿಲಿಬ್‌ಸಿಯ ಆವೃತ್ತಿಯನ್ನೇ ಹೆಸರಿನಲ್ಲಿ ಹೇಳುವ ಸಾಮಾನ್ಯ ನಿಯಮವಾಯಿತು.

ಇದರಿಂದಾದ ಲಾಭವನ್ನು ಅರಿಯಬೇಕಾದರೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ವಿಂಡೋಸಿನಲ್ಲಿ ಪೈಥಾನ್ ೨.೭ ಬಳಸುತ್ತಿದ್ದವರು ತಕ್ಕ ಕಂಪೈಲರು ಸಿಕ್ಕದೆ ಪಟ್ಟ ಪಾಡು ಎಷ್ಟೆಂದರೆ, ೨೦೧೪ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದೊಂದಕ್ಕಾಗಿಯೇ ಒಂದು ಉಚಿತ ಕಂಪೈಲರನ್ನು ಹೊರತರಬೇಕಾಯಿತು. ಅಮೆರಿಕದ ಇರ್ವೈನಿನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರ ಸಂಶೋಧಕರೊಬ್ಬರು ನೂರಾರು ಪ್ಯಾಕೇಜುಗಳನ್ನು ವಿಂಡೋಸಿಗಾಗಿ ತಾವೇ ಕಟ್ಟಿ ಹಲವು ವರ್ಷ ಉಚಿತವಾಗಿ ಹಂಚಿದರು. ಜಗತ್ತಿನ ವಿದ್ಯಾರ್ಥಿಗಳು ಅವರ ಋಣದಲ್ಲಿದ್ದರು. ೨೦೨೨ರಲ್ಲಿ ಆ ಪ್ರಯೋಗಶಾಲೆಯ ಧನಸಹಾಯ ನಿಂತಾಗ ಆ ಸೇವೆಯೂ ನಿಂತಿತು. ಆ ವೇಳೆಗೆ ಗ್ರಂಥಕರ್ತರೇ ಸಿದ್ಧಪ್ರತಿಗಳನ್ನು ಕೊಡುವ ಪದ್ಧತಿ ಬೇರೂರಿದ್ದರಿಂದ ಹೆಚ್ಚಿನ ಅನಾಹುತವಾಗಲಿಲ್ಲ. ಸಹಸ್ರಾರು ಬಳಕೆದಾರರು ಒಬ್ಬೊಬ್ಬರಾಗಿ ಪಡುತ್ತಿದ್ದ ಶ್ರಮವನ್ನು ಗ್ರಂಥಕರ್ತರು ಒಂದೇ ಬಾರಿ ಪಟ್ಟು ಮುಗಿಸುವುದು, ಇದೇ ಸಿದ್ಧಪ್ರತಿಯ ಸಾರ. ಈ ಸಾರವನ್ನು ನಾವು ಅಲ್ಲಗಳೆಯುವುದಿಲ್ಲ.

೪

ಹೀಗಿದ್ದರೂ ಸಿದ್ಧಪ್ರತಿಯ ವ್ಯವಸ್ಥೆಯಲ್ಲಿ ನಾಲ್ಕು ಕೊರತೆಗಳು ನಮಗೆ ಕಾಣುತ್ತವೆ.

ಮೊದಲನೆಯದು, ಒಳಗೆ ತುಂಬಿಕೊಟ್ಟ ಲೈಬ್ರರಿಗಳದು. ಪಿಲ್ಲೋ ಎಂಬ ಚಿತ್ರಸಂಸ್ಕಾರದ ಪ್ಯಾಕೇಜು ತನ್ನ ಸಿದ್ಧಪ್ರತಿಯಲ್ಲಿ ವೆಬ್‌ಪಿ ಚಿತ್ರಗಳನ್ನು ಓದುವ ಲೈಬ್ರರಿಯನ್ನೂ ಹೊತ್ತು ತರುತ್ತದೆ. ೨೦೨೩ರ ಸೆಪ್ಟೆಂಬರಿನಲ್ಲಿ ಆ ಲೈಬ್ರರಿಯಲ್ಲಿ ಒಂದು ಗಂಭೀರವಾದ ಭದ್ರತಾದೋಷ ಬಯಲಾಯಿತು. ಆಪರೇಟಿಂಗ್ ಸಿಸ್ಟಮಿನವರು ತಮ್ಮ ಪ್ರತಿಯನ್ನು ತಿದ್ದಿದರು. ಯಂತ್ರದ ಮೇಲ್ವಿಚಾರಕರು ಅದನ್ನು ಸ್ಥಾಪಿಸಿ ನಿಶ್ಚಿಂತರಾದರು. ಆದರೆ ಪಿಲ್ಲೋ ಒಳಗೆ ಅಡಗಿದ್ದ ಪ್ರತಿಯನ್ನು ಆ ತಿದ್ದುಪಡಿ ಮುಟ್ಟಲಾರದು. ಪಿಲ್ಲೋದವರು ಅದೇ ತಿಂಗಳಲ್ಲಿ ೧೦.೦.೧ನೆಯ ಆವೃತ್ತಿಯನ್ನು ಹೊರಡಿಸಿ ತಮ್ಮ ಕರ್ತವ್ಯವನ್ನು ನೆರವೇರಿಸಿದರು. ಅವರಷ್ಟು ಜಾಗರೂಕರಲ್ಲದ ಗ್ರಂಥಕರ್ತರ ಪ್ಯಾಕೇಜುಗಳ ಗತಿಯೇನು? ಒಳಗೆ ಏನಿದೆಯೆಂಬುದೇ ತಿಳಿಯದ ಬಳಕೆದಾರರು ಅದನ್ನು ಬದಲಾಯಿಸಬೇಕೆಂದು ಯೋಚಿಸುವುದಾದರೂ ಹೇಗೆ?

ಇದೇ ಕೊರತೆಯ ಇನ್ನೊಂದು ಮುಖವನ್ನು ಪೋಸ್ಟ್‌ಗ್ರೆಸ್ ದತ್ತಸಂಚಯಕ್ಕೆ ಸಂಪರ್ಕ ಕಲ್ಪಿಸುವ ಸೈಕೋಪಿಜಿ ಎರಡು ಎಂಬ ಪ್ಯಾಕೇಜಿನ ಚರಿತ್ರೆಯಲ್ಲಿ ಕಾಣಬಹುದು. ೨೦೧೭ರ ೨.೭ನೆಯ ಆವೃತ್ತಿಯಿಂದ ಅದರ ಸಿದ್ಧಪ್ರತಿಗಳು ಬಂದವು. ಅವುಗಳೊಳಗೆ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಒಂದು ಪ್ರತಿಯಿತ್ತು. ಪೈಥಾನ್ ತಾನೇ ಬಳಸುವ ಓಪನ್‌ಎಸ್‌ಎಸ್‌ಎಲ್ ಇನ್ನೊಂದು. ಒಂದೇ ಕಾರ್ಯಕ್ರಮದಲ್ಲಿ ಎರಡೂ ಸೇರಿದಾಗ, ಕೆಲವು ಸಂದರ್ಭಗಳಲ್ಲಿ ಕಾರ್ಯಕ್ರಮವೇ ಹಠಾತ್ತನೆ ಕುಸಿಯುತ್ತಿತ್ತು. ಗ್ರಂಥಕರ್ತರು ಸಿದ್ಧಪ್ರತಿಗೆ ಬೇರೆ ಹೆಸರನ್ನಿಟ್ಟು ಪ್ರತ್ಯೇಕಿಸಿ, ೨೦೧೯ರ ೨.೮ನೆಯ ಆವೃತ್ತಿಯಿಂದ ಮುಖ್ಯ ಹೆಸರಿನಲ್ಲಿ ಲಿನಕ್ಸಿಗೆ ಮೂಲಪ್ರತಿಯನ್ನು ಮಾತ್ರ ಕೊಡತೊಡಗಿದರು. ಸಿದ್ಧಪ್ರತಿಯು ಕಲಿಕೆಗೂ ಪರೀಕ್ಷೆಗೂ ಸರಿ, ಹೊಣೆಯ ಕೆಲಸಕ್ಕೆ ಮೂಲದಿಂದಲೇ ಕಟ್ಟಿಕೊಳ್ಳುವುದು ಲೇಸು ಎಂಬ ಅಭಿಪ್ರಾಯವನ್ನು ತಮ್ಮ ಕೈಪಿಡಿಯಲ್ಲಿ ಬರೆದರು. ಸಿದ್ಧಪ್ರತಿಯ ಮಿತಿಯನ್ನು ಅದನ್ನು ಕೊಟ್ಟವರೇ ಹೇಳಿದ ಈ ನಿದರ್ಶನ ಗಮನಿಸತಕ್ಕದ್ದು.

ಎರಡನೆಯ ಕೊರತೆ ಸಂಖ್ಯೆಗೆ ಸಂಬಂಧಿಸಿದುದು. ಪೈಥಾನಿನ ನಾಲ್ಕು ಆವೃತ್ತಿಗಳಿಗೆ ಪ್ರತಿಗಳನ್ನು ಕೊಡಬೇಕೆಂದಿಟ್ಟುಕೊಳ್ಳೋಣ. ಲಿನಕ್ಸಿನ ಎರಡು ಬಗೆಯ ಸಿ ಲೈಬ್ರರಿಗಳು, ಒಂದೊಂದಕ್ಕೂ ಎರಡೆರಡು ಪ್ರೊಸೆಸರುಗಳು, ಮ್ಯಾಕ್‌ಓಎಸಿಗೆ ಎರಡು, ವಿಂಡೋಸಿಗೆ ಎರಡು: ಒಟ್ಟು ಎಂಟು ವೇದಿಕೆಗಳು, ಮೂವತ್ತೆರಡು ಪ್ರತಿಗಳು. ೨೦೨೪ರ ಪೈಥಾನ್ ೩.೧೩ರಿಂದ, ಇಂಟರ್‌ಪ್ರಿಟರಿನ ಸಾರ್ವತ್ರಿಕ ಬೀಗವನ್ನು ತೆಗೆದ ಇನ್ನೊಂದು ರೂಪಕ್ಕೆ ಬೇರೆಯೇ ಎಬಿಐ ಇರುವುದರಿಂದ ಈ ಸಂಖ್ಯೆ ಇನ್ನೂ ಏರುತ್ತದೆ. ೨೦೧೧ರ ಪೈಥಾನ್ ೩.೨ರಲ್ಲಿಯೇ ಬಂದ ಸ್ಥಿರ ಎಬಿಐಯನ್ನು ಅನುಸರಿಸಿದರೆ ಒಂದೇ ಪ್ರತಿ ಹಲವು ಆವೃತ್ತಿಗಳಿಗೆ ಸಾಲುತ್ತದೆ. ಮೂವತ್ತೆರಡು ಎಂಟಕ್ಕೆ ಇಳಿಯುತ್ತದೆ. ಆದರೆ ಪೈಥಾನಿನ ಒಳರಚನೆಯನ್ನು ವೇಗಕ್ಕಾಗಿ ನೇರವಾಗಿ ಮುಟ್ಟುವ ಪ್ಯಾಕೇಜುಗಳಿಗೆ ಈ ಮಾರ್ಗ ಸುಲಭಸಾಧ್ಯವಲ್ಲ. ಬಿಡುವಿನ ವೇಳೆಯಲ್ಲಿ ಸ್ವಸಂತೋಷದಿಂದ ದುಡಿಯುವ ಒಬ್ಬಿಬ್ಬರು ಗ್ರಂಥಕರ್ತರ ಮೇಲೆ ಬಿದ್ದಿರುವ ಭಾರ ಇದರಿಂದ ವಿಶದವಾದೀತು.

ಮೂರನೆಯದು, ಪಟ್ಟಿಯ ಹೊರಗುಳಿದವರದು. ೨೦೨೧ರ ಕೊನೆಯಲ್ಲಿ ಬಂದ ನಂಪೈ ೧.೨೨ರಿಂದ ೩೨ ಬಿಟ್ಟಿನ ಲಿನಕ್ಸಿಗೆ ಸಿದ್ಧಪ್ರತಿಗಳು ನಿಂತುಹೋದವು. ಗ್ರಂಥಕರ್ತರ ನಿರ್ಣಯ ನ್ಯಾಯವಾದುದೇ. ದೊಡ್ಡ ಲಿನಕ್ಸ್ ವ್ಯವಸ್ಥೆಗಳೇ ಅದನ್ನು ಕೈಬಿಟ್ಟಿದ್ದವು. ಆದರೆ ಹಳೆಯ ಯಂತ್ರವನ್ನಿಟ್ಟುಕೊಂಡು ಪಾಠ ನಡೆಸುವ ಕಾಲೇಜಿಗೆ ಆ ದಿನದಿಂದ ಉಳಿದುದು ಮೂಲಪ್ರತಿಯ ದಾರಿಯೊಂದೇ. ಇಂಥಲ್ಲಿ ಪಿಪ್ ಸಾಧನದ ವರ್ತನೆ ವಿದ್ಯಾರ್ಥಿಗೆ ಸಹಾಯಕವಲ್ಲ. ತಕ್ಕ ಸಿದ್ಧಪ್ರತಿ ಸಿಕ್ಕದಿದ್ದರೆ ಅದು ಅನುಮತಿಯನ್ನು ಕೇಳದೆ ಮೂಲಪ್ರತಿಯನ್ನು ತಂದು ಕಟ್ಟಲು ತೊಡಗುತ್ತದೆ. ಬಿಚ್ಚಿ ಹರಡುವ ಕೆಲಸ ಕಟ್ಟುವ ಕೆಲಸವಾಗಿ ಬದಲಾದುದನ್ನು ವಿದ್ಯಾರ್ಥಿ ಅರಿಯುವುದು ಕಂಪೈಲರಿನ ದೋಷವರದಿ ಸುರಿದ ಮೇಲೆಯೇ. ೨೦೨೧ರ ಫೆಬ್ರವರಿಯಲ್ಲಿ ಕ್ರಿಪ್ಟೋಗ್ರಫಿ ಎಂಬ ಪ್ಯಾಕೇಜಿನ ೩.೪ನೆಯ ಆವೃತ್ತಿಯು ತನ್ನ ನಿರ್ಮಾಣಕ್ಕೆ ರಸ್ಟ್ ಭಾಷೆಯ ಕಂಪೈಲರು ಬೇಕೆಂದಾಗ ಆದುದೂ ಇದೇ. ಸಿದ್ಧಪ್ರತಿ ದೊರೆಯುತ್ತಿದ್ದವರಿಗೆ ಬದಲಾವಣೆಯ ಸುಳಿವೂ ಹತ್ತಲಿಲ್ಲ. ಬೇರೆ ಸಿ ಲೈಬ್ರರಿಯನ್ನು ಬಳಸುವ ಆಲ್ಪೈನ್ ಲಿನಕ್ಸಿನವರು ಮೊದಲಾದವರಿಗೆ, ತಾವು ಮೂಲದಿಂದ ಕಟ್ಟುತ್ತಿದ್ದೆವೆಂಬುದೇ ಅಂದು ತಿಳಿದುಬಂದಿತು. ಆಲ್ಪೈನಿನಂಥವಕ್ಕೆ ಸಿದ್ಧಪ್ರತಿಗಳ ನಿಯಮವನ್ನು ಹೇಳುವ ೬೫೬ನೆಯ ಪೆಪ್ ಬಂದುದೂ ಅದೇ ವರ್ಷ.

ನಾಲ್ಕನೆಯ ಕೊರತೆ ಮೂಲಪ್ರತಿಯಲ್ಲಿಯೇ ಇದೆ. ಆದರೆ ಸಿದ್ಧಪ್ರತಿಯ ಸೌಕರ್ಯವು ಅದನ್ನು ಮರೆಸಿದೆ. ತನಗೆ ಬೇಕಾದ ಪೈಥಾನ್ ಪ್ಯಾಕೇಜುಗಳನ್ನು ಮೂಲಪ್ರತಿ ಹೇಳಬಲ್ಲುದು. ಬೇಕಾದ ಸಿ ಕಂಪೈಲರನ್ನಾಗಲಿ, ಓಪನ್‌ಬ್ಲಾಸಿನಂಥ ಲೈಬ್ರರಿಯನ್ನಾಗಲಿ ಯಂತ್ರಕ್ಕೆ ಅರ್ಥವಾಗುವಂತೆ ಹೇಳಲು ಈ ಸುಧಾರಣೆಗಳಲ್ಲಿ ಸ್ಥಾನ ಕಲ್ಪಿತವಾಗಲಿಲ್ಲ. ೨೦೨೩ರಲ್ಲಿ ೭೨೫ನೆಯ ಪೆಪ್ ಇದಕ್ಕಾಗಿ ಒಂದು ಪಟ್ಟಿಯ ರೂಪವನ್ನು ಸೂಚಿಸಿತು. ಇಷ್ಟು ಅವಶ್ಯಕವಾದ ಮಾತನ್ನು ಹೇಳುವ ಸೂಚನೆ ಡಿಸ್ಟ್‌ಯುಟಿಲ್ಸ್ ಬಂದು ಇಪ್ಪತ್ತಮೂರು ವರ್ಷಗಳಾದ ಮೇಲೆ ಬಂದುದೇಕೆ? ಹೆಚ್ಚಿನವರಿಗೆ ಅದರ ಅಗತ್ಯ ತೋರದೆಹೋಯಿತು ಎಂಬುದೇ ಉತ್ತರವೆಂದು ನಮ್ಮ ಎಣಿಕೆ. ಎಲ್ಲರೂ ನಡೆಯದ ದಾರಿಯಲ್ಲಿ ಮುಳ್ಳು ಬೆಳೆದರೆ ದೂರುವವರು ಯಾರು?

೫

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಈ ಕೊರತೆಗಳಿಗೆ ಬೇರೆ ಕಡೆ ಪರಿಹಾರ ಸಿಕ್ಕಿದೆಯಲ್ಲ, ೨೦೧೨ರಲ್ಲಿ ಬಂದ ಕಾಂಡ ಎಂಬ ವ್ಯವಸ್ಥೆಯಲ್ಲಿ ಪೈಥಾನೇತರ ಲೈಬ್ರರಿಗಳೂ ಕಂಪೈಲರುಗಳೂ ಪ್ಯಾಕೇಜುಗಳೇ ಆಗಿವೆಯಲ್ಲ, ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಎಲ್ಲವನ್ನೂ ಮೂಲದಿಂದ ಒಂದೆಡೆ ಕಟ್ಟಿ, ಪ್ರತಿ ಲೈಬ್ರರಿಯನ್ನೂ ಎಲ್ಲರೂ ಹಂಚಿಕೊಳ್ಳುವಂತೆ ಮಾಡುತ್ತವೆಯಲ್ಲ ಎಂದು ಕೇಳುವವರುಂಟು. ಮಾತು ನಿಜ. ಭದ್ರತಾದೋಷ ಬಂದಾಗ ಇಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ಲೈಬ್ರರಿಯನ್ನು ಬದಲಾಯಿಸಿದರೆ ಸಾಕು. ಸೈದ್ಧಾಂತಿಕವಾಗಿ ಇದು ಸಿದ್ಧಪ್ರತಿಗಿಂತ ಮೇಲಾದ ಪದ್ಧತಿಯೆಂದೇ ಹೇಳಬಹುದು.

ಆದರೆ ಇದರಿಂದ ನಮ್ಮ ವಾದಕ್ಕೆ ಬಲವೇ ಬರುತ್ತದೆ. ಕಾಂಡದ ಪ್ಯಾಕೇಜುಗಳನ್ನಾಗಲಿ ಡೆಬಿಯನ್ನಿನ ಪ್ಯಾಕೇಜುಗಳನ್ನಾಗಲಿ ಕಟ್ಟುವವರು ಆರಂಭಿಸುವುದು ಮೂಲಪ್ರತಿಯಿಂದ. ಆ ಮೂಲಪ್ರತಿಯು ಅಪೂರ್ಣವಾಗಿದ್ದರೆ, ಗ್ರಂಥಕರ್ತರ ಯಂತ್ರದಲ್ಲಿ ಮಾತ್ರ ಕಟ್ಟಲು ಬರುವಂತಿದ್ದರೆ, ಆ ಇಡೀ ವ್ಯವಸ್ಥೆ ಕುಂಟುತ್ತದೆ. ಹೊಸ ಪ್ರೊಸೆಸರು ಬಂದಾಗ ಮೊದಲ ಪ್ರತಿ ಹುಟ್ಟುವುದೂ ಮೂಲಪ್ರತಿಯಿಂದಲೇ. ಸಿದ್ಧಪ್ರತಿಯನ್ನು ಓದಲು ಬಾರದು, ತಿದ್ದಲು ಬಾರದು. ಅದರೊಳಗಿನ ಯಂತ್ರಭಾಷೆಯು ತಾನು ಮೂಲದಿಂದಲೇ ಬಂದುದೆಂಬುದಕ್ಕೆ ತಾನೇ ಸಾಕ್ಷಿಯಾಗಲಾರದು. ೨೦೨೪ರಲ್ಲಿ ಪೈಪಿಐ ಭಂಡಾರದಲ್ಲಿ ಆರಂಭವಾದ ದೃಢೀಕರಣದ ಕ್ರಮವು ಪ್ರತಿಯು ಎಲ್ಲಿಂದ ಬಂದಿತೆಂಬುದಕ್ಕೆ ಪ್ರಮಾಣ ಕೊಡುತ್ತದೆ; ಒಳಗಿರುವುದು ಎಂಥದೆಂಬುದಕ್ಕೆ ಅಲ್ಲ. ಅನುಮಾನ ಬಂದಾಗ ಮೂಲದಿಂದ ಮತ್ತೊಮ್ಮೆ ಕಟ್ಟಿನೋಡಬಲ್ಲವರು ಎಲ್ಲಿಯವರೆಗೆ ಇರುವರೋ ಅಲ್ಲಿಯವರೆಗೆ ಮಾತ್ರ ಸಿದ್ಧಪ್ರತಿಯ ಮೇಲಿನ ನಂಬಿಕೆಗೆ ಆಧಾರವುಂಟು.

ಸಂಶೋಧನೆ ನಡೆಸುವವರಿಗೆ ಇದು ಇನ್ನೂ ಹತ್ತಿರದ ಮಾತು. ಒಂದೇ ಮಾತೃಕೆಯ ಗುಣಾಕಾರವನ್ನು ಎರಡು ಬೇರೆ ಲೈಬ್ರರಿಗಳು ಬೇರೆ ಬೇರೆ ಕ್ರಮದಲ್ಲಿ ಮಾಡುವುದರಿಂದ ಉತ್ತರದ ಕೊನೆಯ ಅಂಕಗಳು ಬೇರೆಯಾಗುವುದುಂಟು. ಪ್ರಬಂಧದಲ್ಲಿ ‘ನಂಪೈಯನ್ನು ಬಳಸಲಾಯಿತು’ ಎಂದಷ್ಟೇ ಬರೆದರೆ ಯಾವ ನಂಪೈ, ಯಾವ ಲೈಬ್ರರಿಯ ಮೇಲೆ ಕಟ್ಟಿದುದು ಎಂಬುದು ಉಳಿದೇ ಹೋಗುತ್ತದೆ. ನಂಪೈಯಲ್ಲಿಯೇ ಇರುವ ‘ಶೋ ಕಾನ್ಫಿಗ್’ ಎಂಬ ಕ್ರಿಯೆಯನ್ನು ಕರೆದರೆ ಈ ವಿವರವನ್ನು ಅದು ಹೇಳುತ್ತದೆ. ಆ ನಾಲ್ಕು ಸಾಲುಗಳನ್ನು ಪ್ರಬಂಧದ ಅನುಬಂಧದಲ್ಲಿ ಸೇರಿಸುವುದು ಕಷ್ಟವೇನೂ ಅಲ್ಲ.

೬

ಹಾಗಾದರೆ ನಮ್ಮ ಕಾಲೇಜುಗಳು ಮಾಡಬೇಕಾದುದೇನು? ಸಿದ್ಧಪ್ರತಿಯನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಗಿರಣಿಯನ್ನು ಮುಚ್ಚಿ ಬೀಸುವ ಕಲ್ಲಿಗೆ ಮರಳಿರೆಂದು ಹೇಳಿದಂತಾದೀತು. ಆದರೆ ವರ್ಷಕ್ಕೆ ಎರಡು ಪ್ರಯೋಗಗಳನ್ನಾದರೂ ಈ ವಿದ್ಯೆಗೆ ಮೀಸಲಿಡುವುದು ಸಾಧ್ಯ. ಮೊದಲನೆಯದರಲ್ಲಿ, ಒಂದು ಸಂಖ್ಯಾಪಂಕ್ತಿಯ ಮೊತ್ತವನ್ನು ಕೊಡುವ ಮೂವತ್ತು ನಲವತ್ತು ಸಾಲುಗಳ ಸಿ ಫೈಲನ್ನು ವಿದ್ಯಾರ್ಥಿಗಳು ಬರೆದು, ಕಂಪೈಲರನ್ನು ಕೈಯ್ಯಾರೆ ಕರೆದು, ಪೈಥಾನಿನಲ್ಲಿ ಇಂಪೋರ್ಟ್ ಮಾಡಲಿ. ಡೆಬಿಯನ್, ಉಬುಂಟು ವ್ಯವಸ್ಥೆಗಳಲ್ಲಿ ‘ಪೈಥಾನ್.ಎಚ್’ ಫೈಲು ‘ಪೈಥಾನ್ ೩ ಡೆವ್’ ಎಂಬ ಬೇರೆ ಪ್ಯಾಕೇಜಿನಲ್ಲಿ ಬರುತ್ತದೆಂಬುದನ್ನು ದೋಷವರದಿಯ ಮೂಲಕವೇ ಕಂಡುಕೊಳ್ಳಲಿ. ಎರಡನೆಯದರಲ್ಲಿ, ಒಂದು ಸಿದ್ಧಪ್ರತಿಯನ್ನು ಜಿಪ್ ಫೈಲಿನಂತೆ ಬಿಚ್ಚಿ, ಅದರ ಹೆಸರಿನ ಭಾಗಗಳನ್ನು ಅರ್ಥೈಸಿ, ಒಳಗೆ ಯಾವ ಲೈಬ್ರರಿಗಳು ಅಡಗಿವೆಯೆಂದು ಪಟ್ಟಿ ಮಾಡಲಿ. ಪಿಪ್ ಸಾಧನಕ್ಕೆ ಸಿದ್ಧಪ್ರತಿಯನ್ನು ಮಾತ್ರ ತಾ ಎನ್ನುವ ‘ಓನ್ಲಿ ಬೈನರಿ’, ಮೂಲದಿಂದಲೇ ಕಟ್ಟು ಎನ್ನುವ ‘ನೋ ಬೈನರಿ’ ಎಂಬ ಎರಡು ಸೂಚನೆಗಳಿವೆ. ಇವನ್ನು ಬಳಸಿ ಒಂದೇ ಪ್ಯಾಕೇಜನ್ನು ಎರಡು ಬಗೆಯಲ್ಲಿ ಪಡೆದು ಹೋಲಿಸಲಿ. ಇವಕ್ಕೆ ಹೊಸ ಯಂತ್ರವಾಗಲಿ ಹಣವಾಗಲಿ ಬೇಕಿಲ್ಲ. ಹೇಳುವುದಾದರೆ, ಪಕ್ಕದ ಮೇಜಿನ ಆ ಹಳೆಯ ಯಂತ್ರವೇ ಈ ಪಾಠಕ್ಕೆ ತಕ್ಕ ಉಪಕರಣ.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬುತ್ತಿಯನ್ನು ಕಟ್ಟಿಕೊಡುವವರಲ್ಲಿ ಕೃತಜ್ಞತೆ ಇರಬೇಕಾದುದು ನ್ಯಾಯ. ಪಯಣ ಉದ್ದವಾದಾಗ ಒಲೆ ಹೊತ್ತಿಸಲು ಬಾರದೆ ಕುಳಿತುಕೊಳ್ಳುವುದು ನ್ಯಾಯವಲ್ಲ. ದೂರದ ಯಾರೋ ಗ್ರಂಥಕರ್ತರು ನಮ್ಮ ಯಂತ್ರವನ್ನು ಪಟ್ಟಿಯಿಂದ ತೆಗೆದ ದಿನ, ನಮ್ಮ ವಿದ್ಯಾರ್ಥಿಗಳ ಕಲಿಕೆ ಅಲ್ಲಿಗೇ ನಿಲ್ಲಬೇಕೆ, ಮುಂದುವರಿಯಬೇಕೆ ಎಂಬುದು ಈ ವಿದ್ಯೆಯನ್ನು ಅವಲಂಬಿಸಿದೆ. ಅದನ್ನು ಕಲಿಸುವ ಹೊಣೆ ಅಧ್ಯಾಪಕರಾದ ನಮ್ಮದೇ.